ಘಟ್ಟ ಹತ್ತಿದವರ ಲೆಕ್ಕ: ಕಾಫಿ ಮಲೆಗಳ ಜನಸಂಖ್ಯಾ ಚರಿತ್ರೆ ಮತ್ತು ಗಣಕ ಅನುಕರಣೆ

ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 2001ರ ಗಣತಿಯಲ್ಲಿ 11,40,905 ಇದ್ದದ್ದು 2011ರ ಗಣತಿಯ ವೇಳೆಗೆ 11,37,961ಕ್ಕೆ ಇಳಿಯಿತು. ವ್ಯತ್ಯಾಸ 2,944 ಮಾತ್ರ. ಆದರೆ ಆ ದಶಕದಲ್ಲಿ ಕರ್ನಾಟಕದ ಬೇರೆ ಯಾವ ಜಿಲ್ಲೆಯ ಜನಸಂಖ್ಯೆಯೂ ಇಳಿಯಲಿಲ್ಲ ಎಂಬುದನ್ನು ಗಮನಿಸಿದಾಗ ಈ ಸಣ್ಣ ಸಂಖ್ಯೆಗೆ ತೂಕ ಬರುತ್ತದೆ. ಇದನ್ನು ಹೊಸ ವಿದ್ಯಮಾನವೆಂದು ಭಾವಿಸುವವರುಂಟು. ಈ ಮಲೆಗಳ ಚರಿತ್ರೆಯನ್ನು ಬಲ್ಲವರಿಗೆ ಇದು ಮೊದಲ ಇಳಿಕೆಯಲ್ಲ. 1947ರವರೆಗೆ ಕಡೂರು ಜಿಲ್ಲೆ ಎಂದು ಕರೆಯಿಸಿಕೊಳ್ಳುತ್ತಿದ್ದ ಇದೇ ಪ್ರದೇಶದಲ್ಲಿ 1901ರಲ್ಲಿ 3,62,752 ಜನರಿದ್ದರು. 1911 ಮತ್ತು 1921ರ ಗಣತಿಗಳೆರಡರಲ್ಲೂ ಆ ಸಂಖ್ಯೆ ಕುಸಿಯಿತು. ಮತ್ತೆ ಮೊದಲಿನ ಮಟ್ಟಕ್ಕೆ ಬರಲು ಹಲವು ದಶಕಗಳೇ ಬೇಕಾದವು.

ಕುಸಿತದ ಕಾರಣಗಳೇನೋ ನಮಗೆ ಪಟ್ಟಿಯ ರೂಪದಲ್ಲಿ ತಿಳಿದಿವೆ. 1898ರಲ್ಲಿ ಮೈಸೂರು ಸಂಸ್ಥಾನವನ್ನು ಹೊಕ್ಕ ಪ್ಲೇಗು, 1918ರ ಇನ್‌ಫ್ಲುಯೆಂಜಾ, ಎಲ್ಲಕ್ಕಿಂತ ಮಿಗಿಲಾಗಿ ಮಲೆನಾಡನ್ನು ಬಿಡದೆ ಕಾಡಿದ ಚಳಿಜ್ವರ. ಹಳೆಯ ಆಡಳಿತದ ಬರಹಗಳಲ್ಲಿ ಇವುಗಳ ಜೊತೆಗೆ ಮಲೆನಾಡಿನ ಹವೆಯನ್ನೂ ಜನರ ಸ್ವಭಾವವನ್ನೂ ದೂರುವ ರೂಢಿಯಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ (1912–1918) ಮಲೆನಾಡು ಸುಧಾರಣೆಯ ಯೋಜನೆ ರೂಪುಗೊಂಡದ್ದು ಈ ಆತಂಕದ ಹಿನ್ನೆಲೆಯಲ್ಲಿಯೇ. ಆದರೆ ಪಟ್ಟಿ ಮಾಡುವುದು ಬೇರೆ, ಯಾವ ಕಾರಣದ ಪಾಲು ಎಷ್ಟು ಎಂದು ತೂಗುವುದು ಬೇರೆ. ಜ್ವರದಿಂದ ಸತ್ತವರೆಷ್ಟು, ಊರು ಬಿಟ್ಟವರೆಷ್ಟು, ಗಣತಿಯ ರಾತ್ರಿ ಘಟ್ಟದ ಕೆಳಗಿದ್ದ ಕಾರಣಕ್ಕಷ್ಟೇ ‘ಇಲ್ಲವಾದವರು’ ಎಷ್ಟು? ದಾಖಲೆಗಳು ಇವುಗಳನ್ನು ಬಿಡಿಸಿ ಹೇಳುವುದಿಲ್ಲ. ಸಿಮ್ಯುಲೇಶನ್ ಎಂದು ಕರೆಯಲಾಗುವ ಗಣಕ ಅನುಕರಣೆಯ ವಿಧಾನ ಇಂಥ ಎಡೆಯಲ್ಲಿ ಉಪಯೋಗಕ್ಕೆ ಬರಬಹುದೇ, ಬರುವುದಾದರೆ ಅದಕ್ಕೆ ಜಾನಪದ ಅಧ್ಯಯನ ಏನನ್ನು ಕೊಡಬಲ್ಲುದು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು ಗಣಕದ ಮುಂದೆ ಅಲ್ಲ. ಪಿಎಚ್.ಡಿ. ಅಧ್ಯಯನದ ಕ್ಷೇತ್ರಕಾರ್ಯಕ್ಕಾಗಿ ಕಳಸದ ಸುತ್ತಿನ ತೋಟಗಳ ಲೈನ್‌ಮನೆಗಳಲ್ಲಿ ಪಾಡ್ದನಗಳನ್ನು ಸಂಗ್ರಹಿಸುತ್ತಿದ್ದಾಗ, ವಕ್ತೃಗಳ ವಿವರದ ನಮೂನೆಯಲ್ಲಿ ‘ಊರು’ ಎಂಬ ಕಲಮಿತ್ತು. ಎಂಬತ್ತರ ಆಸುಪಾಸಿನ ತುಳು ಮಾತಿನ ಮುದುಕಿಯೊಬ್ಬರನ್ನು ನಿಮ್ಮ ಊರು ಯಾವುದೆಂದು ಕೇಳಿದೆ. ಅವರು ನನ್ನನ್ನೇ ತಿರುಗಿ ಕೇಳಿದರು: ಕೋಲಕ್ಕೆ ಹೋಗುವ ಊರೋ, ಗಂಡನನ್ನು ಮಣ್ಣು ಮಾಡಿದ ಊರೋ, ರೇಷನ್ ಚೀಟಿ ಇರುವ ಊರೋ? ಮೂರೂ ಬೇರೆ ಬೇರೆ. ಕುಟುಂಬದ ದೈವ ಘಟ್ಟದ ಕೆಳಗೆ, ಗಂಡ ತೀರಿಕೊಂಡದ್ದು ಹಿಂದೆ ಕೆಲಸ ಮಾಡಿದ ಇನ್ನೊಂದು ತೋಟದಲ್ಲಿ, ಚೀಟಿ ಇಲ್ಲಿ. ಮಕ್ಕಳೆಷ್ಟು ಎಂದದ್ದಕ್ಕೂ ಅವರ ಉತ್ತರ ನಮೂನೆಗೆ ಹೊಂದುವಂತಿರಲಿಲ್ಲ. ಹೆತ್ತದ್ದು ಹನ್ನೊಂದು, ಉಳಿದದ್ದು ನಾಲ್ಕು ಎಂದರು. ನಾನು ‘ನಾಲ್ಕು’ ಎಂದು ಬರೆದುಕೊಂಡೆ. ಆ ಏಳು ಮಕ್ಕಳು ಎಲ್ಲಿ ಹುಟ್ಟಿ ಎಲ್ಲಿ ಹೋದರೆಂದು ಅಂದೇ ಕೇಳದಿದ್ದುದು ನನ್ನ ಕ್ಷೇತ್ರಕಾರ್ಯದ ದೊಡ್ಡ ಲೋಪವೆಂದು ಈಗ ಅನ್ನಿಸುತ್ತದೆ.

ಅನುಕರಣೆಯ ತತ್ತ್ವ ಕಠಿಣವಾದುದೇನಲ್ಲ. ಆಟಿ ತಿಂಗಳ ಮಳೆಯಲ್ಲಿ ಆಡುವ ಚೆನ್ನೆಮಣೆಯನ್ನು ನೆನೆಯಬಹುದು. ಗುಳಿಗಳು ಊರುಗಳು, ಕಾಯಿಗಳು ಜನ, ಒಂದು ಸುತ್ತು ಒಂದು ವರ್ಷ. ಯಾವ ಗುಳಿಯಿಂದ ಯಾವ ಗುಳಿಗೆ ಎಷ್ಟು ಕಾಯಿ ಸಾಗಬೇಕೆಂಬ ನಿಯಮವನ್ನು ಮೊದಲೇ ಗೊತ್ತುಮಾಡಿ ಆಡುತ್ತ ಹೋದರೆ ಐವತ್ತು ಸುತ್ತಿನ ನಂತರ ಮಣೆ ಹೇಗೆ ಕಾಣುತ್ತದೆಂಬುದು ತಿಳಿಯುತ್ತದೆ. ಗಣಕ ಇದನ್ನು ಕ್ಷಣದಲ್ಲಿ ಸಾವಿರ ಬಾರಿ ಆಡಬಲ್ಲುದು. ಪ್ಯಾಟ್ರಿಕ್ ಲೆಸ್ಲಿ 1945ರಲ್ಲಿ ವಯೋವರ್ಗಗಳ ಜನನ ಮರಣ ಪ್ರಮಾಣಗಳಿಂದ ಮುಂದಿನ ಜನಸಂಖ್ಯೆಯನ್ನು ಲೆಕ್ಕ ಹಾಕುವ ಮಾತೃಕೆಯ ಕ್ರಮವನ್ನು ವಿವರಿಸಿದರು. 1957ರಲ್ಲಿ ಗೈ ಆರ್ಕಟ್ ಎಂಬ ಅರ್ಥಶಾಸ್ತ್ರಜ್ಞರು ಸರಾಸರಿಗಳ ಬದಲು ಒಬ್ಬೊಬ್ಬ ವ್ಯಕ್ತಿಯನ್ನೇ ಗಣಕದಲ್ಲಿ ಹುಟ್ಟಿಸಿ, ಮದುವೆ ಮಾಡಿಸಿ, ಸಾಯಿಸುವ ಕ್ರಮವನ್ನು ಸೂಚಿಸಿದರು. ನಮ್ಮಲ್ಲಿಯೂ ಈ ವಿದ್ಯೆ ಅಪರಿಚಿತವಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಅವರು ದಕ್ಷಿಣ ಭಾರತದ ಆನೆಗಳ ಜನನ ಮರಣಗಳನ್ನು ಇಂಥ ಮಾದರಿಗಳಿಂದ ಅಭ್ಯಸಿಸಿದ್ದಾರೆ. ಆನೆಗಳಿಗೆ ಸಂದ ಗೌರವ ತೋಟದ ಲೈನಿನ ಮನುಷ್ಯರಿಗೆ ಇನ್ನೂ ಸಂದಂತಿಲ್ಲ.

ಗಣಕವಿಲ್ಲದೆಯೇ ಒಂದು ಲೆಕ್ಕ ಮಾಡಿ ನೋಡೋಣ. ಸಾವಿರ ಜನರ ಒಂದು ಕಲ್ಪಿತ ಗ್ರಾಮ. ವರ್ಷಕ್ಕೆ ಸಾವಿರಕ್ಕೆ 35 ಜನನ, 45 ಮರಣ. ಹೀಗೇ ಮುಂದುವರಿದರೆ ಇಪ್ಪತ್ತು ವರ್ಷಗಳಲ್ಲಿ ಗ್ರಾಮದಲ್ಲಿ ಉಳಿಯುವವರು 818 ಜನ. ಈಗ ಪ್ರತಿ ವರ್ಷ ಘಟ್ಟದ ಕೆಳಗಿನಿಂದ ಹತ್ತು ಜನ ಬಂದು ನೆಲೆಸುತ್ತಾರೆಂದೂ ಅವರಿಗೂ ಅದೇ ಜನನ ಮರಣ ಪ್ರಮಾಣಗಳು ಅನ್ವಯಿಸುತ್ತವೆಂದೂ ಇಟ್ಟುಕೊಳ್ಳೋಣ. ಆಗ ಗ್ರಾಮದ ಜನಸಂಖ್ಯೆ ಇಪ್ಪತ್ತು ವರ್ಷದ ನಂತರವೂ ಸರಿಯಾಗಿ ಸಾವಿರ. ಗಣತಿಯ ವರದಿ ‘ಬದಲಾವಣೆಯಿಲ್ಲ’ ಎನ್ನುತ್ತದೆ. ಆದರೆ ಆ ಸಾವಿರದಲ್ಲಿ 818 ಜನ ಹಳಬರ ಸಂತತಿ, 182 ಜನ ಹೊಸಬರು ಮತ್ತು ಅವರ ಮಕ್ಕಳು. ಐವತ್ತು ವರ್ಷ ಕಳೆದರೆ 605 ಮತ್ತು 395. ಇವರಿವರೊಳಗೆ ಮದುವೆಯಾಗಲಿಲ್ಲವೆಂದು ಇಟ್ಟುಕೊಂಡ ಲೆಕ್ಕವಿದು. ಒಟ್ಟು ಸಂಖ್ಯೆ ಕದಲದೆಯೇ ಐವರಲ್ಲಿ ಇಬ್ಬರು ಬೇರೆ ಭಾಷೆಯ, ಬೇರೆ ದೈವಗಳ, ಬೇರೆ ಹಾಡುಗಳ ಜನರಾಗಿರುತ್ತಾರೆ. ಮೂಡಿಗೆರೆ, ಕಳಸದ ಕಡೆಯ ಗ್ರಾಮಗಳಲ್ಲಿ ಕನ್ನಡದ ಸೋಬಾನೆಯೂ ತುಳುವಿನ ಪಾಡ್ದನವೂ ಒಂದೇ ಗದ್ದೆಯ ನಾಟಿಯಲ್ಲಿ ಕೇಳಿಬರಲು ಕಾರಣವೇನೆಂಬುದನ್ನು ಜಾನಪದ ವಿದ್ವಾಂಸರು ‘ಸಾಂಸ್ಕೃತಿಕ ಕೊಡುಕೊಳೆ’ ಎಂಬ ಪದದಿಂದ ವಿವರಿಸಿ ಮುಗಿಸುವುದುಂಟು. ಆ ಪದದ ಹಿಂದೆ ಎಷ್ಟು ಸಾವುಗಳಿವೆಯೆಂದು ಈ ಲೆಕ್ಕ ತೋರಿಸುತ್ತದೆ.

ಸರಾಸರಿಗಳನ್ನು ಬಿಟ್ಟು ಮನೆಮನೆಯ ಲೆಕ್ಕಕ್ಕೆ ಇಳಿದರೆ ಇನ್ನೊಂದು ಸಂಗತಿ ಗೋಚರಿಸುತ್ತದೆ. ಮಲೆನಾಡಿನಲ್ಲಿ ತಿರುಗಿದವರು ಪಾಳುಮನೆಯ ಅಡಿಪಾಯಗಳನ್ನು, ಕಾಡು ಸೇರಿದ ತುಳಸಿಕಟ್ಟೆಗಳನ್ನು ಕಾಣದೆ ಇರಲಾರರು. ಕಂದಾಯ ದಾಖಲೆಗಳು ‘ಬೇಚಿರಾಕ್’ ಎಂದು ಗುರುತಿಸುವ, ದೀಪವಿಲ್ಲದ ಊರುಗಳಿವೆ. ಪ್ರತಿಯೊಂದು ಪಾಳುಮನೆಗೂ ಒಂದು ಕಥೆಯಿದೆ: ನಾಗನ ಬನ ಕಡಿದರು, ದೈವಕ್ಕೆ ತಪ್ಪಿ ನಡೆದರು, ವಿಧವೆಯ ಶಾಪ ತಟ್ಟಿತು. ಈಗ ಒಂದು ಆಟ ಆಡೋಣ. ನೂರು ಮನೆಗಳು. ಪ್ರತಿ ಮನೆಯಲ್ಲಿ ಇಬ್ಬರು ಗಂಡುಮಕ್ಕಳು. ಪ್ರತಿಯೊಬ್ಬ ಬದುಕಿ ಸಂಸಾರ ಹೂಡುವ ಸಂಭವ, ನಾಣ್ಯ ಚಿಮ್ಮಿದಂತೆ, ಅರ್ಧಕ್ಕರ್ಧ. ಸರಾಸರಿಯಲ್ಲಿ ಒಬ್ಬ ತಂದೆಯ ಜಾಗಕ್ಕೆ ಒಬ್ಬ ಮಗ ಬರುತ್ತಾನಾದ್ದರಿಂದ ಊರಿನ ಒಟ್ಟು ಸಂಖ್ಯೆ ಬದಲಾಗಬೇಕಿಲ್ಲ. ಆದರೆ ಮೊದಲ ತಲೆಮಾರಿಗೇ 25 ಮನೆಗಳಲ್ಲಿ ಇಬ್ಬರೂ ಉಳಿಯುವುದಿಲ್ಲ. ಎರಡನೆಯ ತಲೆಮಾರಿನ ವೇಳೆಗೆ ವಂಶ ನಿಂತುಹೋದ ಮನೆಗಳು ಸುಮಾರು 39, ಮೂರನೆಯದರಲ್ಲಿ 48, ನಾಲ್ಕನೆಯದರಲ್ಲಿ 55. ಯಾರ ಶಾಪವೂ ಇಲ್ಲದೆ ಅರ್ಧಕ್ಕಿಂತ ಹೆಚ್ಚು ಮನೆಗಳ ದೀಪ ಆರುತ್ತದೆ, ಉಳಿದವು ಕವಲೊಡೆದು ಹಬ್ಬುತ್ತವೆ. ವಂಶಗಳು ಅಳಿಯುವ ಈ ಗಣಿತವನ್ನು ಇಂಗ್ಲೆಂಡಿನಲ್ಲಿ ಗಾಲ್ಟನ್ ಮತ್ತು ವ್ಯಾಟ್ಸನ್ 1874ರಲ್ಲಿಯೇ ಚರ್ಚಿಸಿದ್ದರು. ಅಳಿಯಸಂತಾನದ ಕುಟುಂಬಗಳಲ್ಲಿ ಗಂಡುಮಕ್ಕಳ ಬದಲು ಹೆಣ್ಣುಮಕ್ಕಳನ್ನು ಎಣಿಸಬೇಕು. ಗಣಿತ ಅದೇ, ಅಳಿಯುವ ಮನೆಗಳು ಬೇರೆ.

ಹಾಗಾದರೆ ಶಾಪದ ಕಥೆಗಳು ಸುಳ್ಳೇ? ಹಾಗೆ ಹೇಳುವುದು ಅವಸರದ ತೀರ್ಮಾನವಾಗುತ್ತದೆ. ನೂರರಲ್ಲಿ ಎಷ್ಟು ಮನೆಗಳು ಅಳಿಯುತ್ತವೆಂಬುದಕ್ಕೆ ಗಣಿತ ಉತ್ತರಿಸುತ್ತದೆ. ಈ ಮನೆಯೇ ಏಕೆ ಎಂಬ ಪ್ರಶ್ನೆಯನ್ನು ಅದು ಕೇಳುವುದೇ ಇಲ್ಲ. ನೆರೆಮನೆಯವರಿಗೆ ಬೇಕಾಗಿದ್ದದ್ದು ಆ ಉತ್ತರ, ಅದನ್ನು ಅವರು ಕಥೆಯಲ್ಲಿ ಕಂಡುಕೊಂಡರು. ಆದರೆ ಪಾಳುಮನೆಯ ಐತಿಹ್ಯಗಳನ್ನು ಆಧರಿಸಿ ಯಾವುದೋ ಒಂದು ದೊಡ್ಡ ವಿಪತ್ತನ್ನು ಊಹಿಸುವ ಸ್ಥಳೀಯ ಚರಿತ್ರೆಕಾರರು ಈ ಲೆಕ್ಕವನ್ನು ಒಮ್ಮೆ ನೋಡುವುದು ಒಳ್ಳೆಯದು.

ದೊಡ್ಡಮನೆಯ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡದ್ದೇ. ಹಿಂದೆ ಎಲ್ಲರೂ ತುಂಬುಮನೆಯಲ್ಲಿ, ಮೂರು ತಲೆಮಾರು ಒಟ್ಟಿಗೆ ಬಾಳುತ್ತಿದ್ದರೆಂಬುದು ನಮ್ಮ ಜನಪ್ರಿಯ ನಂಬಿಕೆ. ಬರ್ಕ್ಲಿಯ ಯೂಜಿನ್ ಹ್ಯಾಮಲ್ ಮತ್ತು ಕೆನೆತ್ ವಾಕ್ಟರ್, ಕೇಂಬ್ರಿಜ್‌ನ ಪೀಟರ್ ಲ್ಯಾಸ್ಲೆಟ್ ಅವರು ಹಳೆಯ ಇಂಗ್ಲೆಂಡಿನ ಕುಟುಂಬಗಳನ್ನು ಕುರಿತು ಇಂಥದೇ ಪ್ರಶ್ನೆಯನ್ನು ಸಾಕ್‌ಸಿಮ್ ಎಂಬ ಗಣಕ ಕಾರ್ಯಕ್ರಮದ ನೆರವಿನಿಂದ ಪರೀಕ್ಷಿಸಿ 1978ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಅಲ್ಲಿನ ಮನೆಗಳು ಚಿಕ್ಕವಾಗಿದ್ದುದು ಅಜ್ಜ ಅಜ್ಜಿ ಬೇಗ ಸಾಯುತ್ತಿದ್ದುದರಿಂದಲೋ, ಬೇರೆ ಮನೆ ಹೂಡುವ ಪದ್ಧತಿಯಿಂದಲೋ? ಸಾವಿನ ಪ್ರಮಾಣವೊಂದೇ ಕಾರಣವಾಗಲಾರದು, ಪದ್ಧತಿಯೇ ಹಾಗಿತ್ತು ಎಂಬ ಕಡೆಗೆ ಅವರ ಫಲಿತಗಳು ವಾಲಿದವು. ಕಾಫಿ ಮಲೆಗಳಲ್ಲಿ ಇಂಥ ಅಧ್ಯಯನ ನಡೆದರೆ ಗೌಡರ ದೊಡ್ಡಮನೆಗೂ ಲೈನಿನ ಒಂದೇ ಕೋಣೆಯ ಮನೆಗೂ ಬೇರೆ ಬೇರೆ ನಿಯಮಗಳನ್ನು ಕೊಡಬೇಕಾಗುತ್ತದೆ. ಲೈನಿನ ಕುಟುಂಬ ಚಿಕ್ಕದಾಗಿದ್ದುದು ಪದ್ಧತಿಯಿಂದಲ್ಲ, ಗೋಡೆಯಿಂದ.

ಚಳಿಜ್ವರದ ವಿಷಯಕ್ಕೆ ಬಂದರೆ ಮೂಡಿಗೆರೆಯ ಹೆಸರು ವೈದ್ಯಕೀಯ ಚರಿತ್ರೆಯಲ್ಲಿಯೂ ಇದೆ. 1920ರ ದಶಕದ ಕೊನೆಯಲ್ಲಿ ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಸಹಕಾರದೊಂದಿಗೆ ಸ್ಥಾಪಿಸಿದ ಮಲೇರಿಯಾ ಅಧ್ಯಯನ ಕೇಂದ್ರಗಳಲ್ಲಿ ಒಂದು ಮೂಡಿಗೆರೆಯಲ್ಲಿತ್ತು. ಬಯಲಿನ ಹಿರಿಯೂರಿನಲ್ಲಿಯೂ ನೀರಾವರಿ ಪ್ರದೇಶದ ನಾಗೇನಹಳ್ಳಿಯಲ್ಲಿಯೂ ಅದರ ಸೋದರ ಕೇಂದ್ರಗಳಿದ್ದವು. ಮಲೆನಾಡಿನಲ್ಲಿ ರೋಗ ಹರಡುತ್ತಿದ್ದ ಅನಾಫಿಲಿಸ್ ಫ್ಲುವಿಯಾಟಿಲಿಸ್ ಸೊಳ್ಳೆ ಕೊಳಚೆಯಲ್ಲಿ ಹುಟ್ಟುವುದಲ್ಲ. ತಿಳಿಯಾಗಿ, ಮೆಲ್ಲನೆ ಹರಿಯುವ ಹಳ್ಳದ ಹುಲ್ಲಂಚು ಅದಕ್ಕೆ ಪ್ರಿಯ. ಅಂದರೆ ಮಲೆನಾಡಿಗರು ಹೆಮ್ಮೆಪಡುವ ತಿಳಿನೀರೇ ಅವರಿಗೆ ಮುಳುವಾಗಿತ್ತು. ಕಾಡು ಕಡಿದು ತೋಟ ಎಬ್ಬಿಸಿದಾಗ ಹಳ್ಳಕ್ಕೆ ಬಿಸಿಲು ಬಿದ್ದು ಸೊಳ್ಳೆ ಹೆಚ್ಚಿತೇ, ಜ್ವರದ ಪೂರ್ವಪರಿಚಯವಿಲ್ಲದ ಹೊಸ ಕೂಲಿಗಳು ಬಂದು ಸೇರಿದಾಗ ರೋಗ ಕೆರಳಿತೇ ಎಂಬುದು ಮಾದರಿಯಲ್ಲಿಟ್ಟು ನೋಡಬೇಕಾದ ಪ್ರಶ್ನೆ.

ಇಲ್ಲಿ ರೊನಾಲ್ಡ್ ರಾಸ್ ಅವರನ್ನು ನೆನೆಯದೆ ಮುಂದೆ ಹೋಗಲಾಗದು. 1895ರಲ್ಲಿ ಕಾಲರಾ ಸಂಬಂಧದ ಕೆಲಸದ ಮೇಲೆ ಬೆಂಗಳೂರಿಗೆ ಬಂದಿದ್ದ ಈ ವೈದ್ಯರು 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣುವನ್ನು ಕಂಡದ್ದು ಪ್ರಸಿದ್ಧ. ಮುಂದೆ ಅವರು ಮಲೇರಿಯಾ ಹರಡುವಿಕೆಯನ್ನು ಸಮೀಕರಣಗಳಲ್ಲಿ ಬರೆದು, ಸೊಳ್ಳೆಗಳನ್ನು ಪೂರ್ತಿ ನಿರ್ಮೂಲ ಮಾಡಬೇಕಿಲ್ಲ, ಒಂದು ಮಿತಿಗಿಂತ ಕೆಳಗಿಳಿಸಿದರೆ ರೋಗ ತಾನಾಗಿ ನಂದುತ್ತದೆ ಎಂದು ತೋರಿಸಿದರು. ಇಂದಿನ ಸಾಂಕ್ರಾಮಿಕ ರೋಗಗಳ ಗಣಕ ಮಾದರಿಗಳೆಲ್ಲ ಈ ಮಿತಿಯ ಕಲ್ಪನೆಯ ಸಂತತಿ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ ಡಿ.ಡಿ.ಟಿ. ಮನೆಮನೆಗೆ ಬಂದ ಮೇಲೆ ಮಲೆನಾಡಿನ ಜನಸಂಖ್ಯೆ ಏರಿದ ರೀತಿಯನ್ನು ನೋಡಿದರೆ, ಹಿಂದಿನ ಇಳಿಕೆಗೆ ಜನರ ಆಲಸ್ಯವನ್ನು ದೂರಿದವರು ಎಷ್ಟು ತಪ್ಪಿದ್ದರೆಂಬುದು ತಿಳಿಯುತ್ತದೆ.

ಇನ್ನು ಗಣತಿಯ ದಿನದ ವಿಚಾರ. ಇದನ್ನು ಚರಿತ್ರೆಕಾರರು ಸಾಮಾನ್ಯವಾಗಿ ಅಡಿಟಿಪ್ಪಣಿಗೆ ತಳ್ಳುತ್ತಾರೆ. ಕಾಫಿ ಮಲೆಗಳ ಮಟ್ಟಿಗೆ ಅದು ಅಡಿಟಿಪ್ಪಣಿಯ ವಿಷಯವಲ್ಲ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ, ರೊಬಸ್ಟಾ ಅದರ ಬೆನ್ನಿಗೆ ಫೆಬ್ರವರಿ ಕಳೆಯುವವರೆಗೂ ನಡೆಯುತ್ತದೆ. ಘಟ್ಟದ ಕೆಳಗಿನಿಂದ ಬಂದ ಕೂಲಿಗಳು ಕೊಯ್ಲು ಮುಗಿಸಿ, ಮುಂಗಡದ ಲೆಕ್ಕ ಚುಕ್ತಾ ಆದರೆ ಇಳಿಯುತ್ತಿದ್ದರು, ಆಗದಿದ್ದರೆ ಉಳಿಯುತ್ತಿದ್ದರು. 1891ರ ಗಣತಿ ನಡೆದದ್ದು ಫೆಬ್ರವರಿ 26ರಂದು, 1901ರದು ಮಾರ್ಚ್ 1, 1911ರದು ಮಾರ್ಚ್ 10, 1921ರದು ಮಾರ್ಚ್ 18, 1931ರದು ಮತ್ತೆ ಫೆಬ್ರವರಿ 26. ಈ ಗಣತಿಗಳೆಲ್ಲ ಒಂದೇ ರಾತ್ರಿ ಯಾರು ಎಲ್ಲಿದ್ದರೋ ಅಲ್ಲಿಯೇ ಎಣಿಸುವ ಕ್ರಮದವು. 1941ರಿಂದ ಆ ಕ್ರಮ ಕೈಬಿಟ್ಟುಹೋಗಿ ವಾಡಿಕೆಯ ವಾಸಸ್ಥಳ ಮುಖ್ಯವಾಯಿತು. ದಿನಾಂಕಗಳು ಮಾರ್ಚ್ ಒಳಗೊಳಗೆ ಸರಿದ ಎರಡು ಗಣತಿಗಳಲ್ಲೇ ಜಿಲ್ಲೆಯ ಸಂಖ್ಯೆ ಇಳಿದಿದೆ! ಇದರಿಂದ ಎಲ್ಲ ಇಳಿಕೆಯೂ ದಿನಾಂಕದ ಮಾಯೆ ಎನ್ನಲಾಗದು. ಪ್ಲೇಗು ಮಾಯೆಯಲ್ಲ, ಇನ್‌ಫ್ಲುಯೆಂಜಾ ಮಾಯೆಯಲ್ಲ. ಆದರೆ 1901ರ ಸಂಖ್ಯೆಯಲ್ಲಿ ಹತ್ತು ಸಾವಿರ ಜನ ಗಣತಿಗೆ ಮುನ್ನ ಘಟ್ಟ ಇಳಿದಿದ್ದರೆಂದು ಊಹಿಸಿದರೂ ಅದೇ ಶೇ. 2.8ರಷ್ಟು ಇಳಿಕೆಯಾಗಿ ಕಾಣುತ್ತಿತ್ತು. ದಿನಾಂಕವನ್ನು ಬದಲಿಸಿ ಬದಲಿಸಿ ಆಡಿ ನೋಡಲು ಗಣಕಕ್ಕೆ ಸಾಧ್ಯ, ಚರಿತ್ರೆಗೆ ಸಾಧ್ಯವಿಲ್ಲ. ಮೈಸೂರು ಸಂಸ್ಥಾನದ 1931ರ ಗಣತಿಯ ಮೇಲ್ವಿಚಾರಕರಾಗಿದ್ದವರು ಕಥೆಗಾರ ಮಾಸ್ತಿ ವೆಂಕಟೇಶ ಅಯ್ಯಂಗಾರರು. ಮನುಷ್ಯರನ್ನು ಎಣಿಸುವ ಕೆಲಸವೂ ಅವರ ಕಥೆ ಹೇಳುವ ಕೆಲಸವೂ ಒಬ್ಬರಲ್ಲೇ ಸೇರಿದ್ದ ಈ ಯೋಗ ನಮ್ಮ ಶಾಸ್ತ್ರಕ್ಕೆ ಒದಗಿಬರಲಿಲ್ಲ.

ಆದರೆ ಕೂಲಿಗಳು ಯಾವಾಗ ಇಳಿಯುತ್ತಿದ್ದರೆಂಬ ನಿಯಮವನ್ನು ಗಣಕಕ್ಕೆ ಯಾರು ಹೇಳಬೇಕು? ತೋಟಗಾರ ರಾಬರ್ಟ್ ಎಲಿಯಟ್ ಅವರ 1894ರ ಗ್ರಂಥದಂತಹ ಬರಹಗಳು ಧಣಿಯ ಕಡೆಯಿಂದ ಒಂದಿಷ್ಟು ಹೇಳುತ್ತವೆ. ಇಳಿಯುವವರ ಕಡೆಯಿಂದ ಉಳಿದಿರುವುದು ಕುಟುಂಬದ ದೈವದ ಕೋಲದ ದಿನ, ಕೋಲಗಳ ಕಾಲ ಮುಗಿಯುವ ಪತ್ತನಾಜೆ, ಸುಗ್ಗಿ, ಹೆರಿಗೆಗೆ ತವರಿಗೆ ಹೋಗುವ ತಿಂಗಳು. ಈ ಪಂಚಾಂಗ ಯಾವ ಕಡತದಲ್ಲಿಯೂ ಇಲ್ಲ, ಜನರ ಬಾಯಿಯಲ್ಲಿದೆ. ಮಾದರಿಗೆ ಬೇಕಾದ ನಿಯಮಗಳ ಅರ್ಧಪಾಲು ಜಾನಪದ ಸಂಗ್ರಾಹಕರ ಧ್ವನಿಸುರುಳಿಗಳಲ್ಲಿಯೇ ಇದೆಯೆಂದರೆ ಅತಿಶಯೋಕ್ತಿಯಲ್ಲ. ನಾವು ಹಾಡನ್ನು ಬರೆದುಕೊಂಡು, ಹಾಡಿದವರ ಹೋಗುಬರುವನ್ನು ಬಿಟ್ಟುಬಿಟ್ಟೆವು.

ಮಾದರಿ ಸೋಲುವ ಸಂದರ್ಭವೂ ಉಪಯುಕ್ತವೇ. ಅಮೆರಿಕದ ಅರಿಜೋನಾದ ಲಾಂಗ್ ಹೌಸ್ ಕಣಿವೆಯಲ್ಲಿ ಮೆಕ್ಕೆಜೋಳ ಬೆಳೆದು ಬದುಕುತ್ತಿದ್ದ ಪ್ಯೂಬ್ಲೊ ಜನರ ಪೂರ್ವಜರು ಸುಮಾರು ಕ್ರಿ.ಶ. 1300ರ ವೇಳೆಗೆ ಕಣಿವೆಯನ್ನು ಸಂಪೂರ್ಣವಾಗಿ ತೊರೆದರು. ರಾಬರ್ಟ್ ಆಕ್ಸ್ಟೆಲ್, ಜೋಶುವಾ ಎಪ್ಸ್ಟೀನ್, ಜೆಫ್ರಿ ಡೀನ್ ಮೊದಲಾದವರು ಅಲ್ಲಿನ ಮಳೆ, ಮಣ್ಣು, ಬೆಳೆಗಳ ವಿವರಗಳೊಂದಿಗೆ ಕ್ರಿ.ಶ. 800ರಿಂದ 1350ರವರೆಗಿನ ಕಾಲವನ್ನು ಮನೆಮನೆಯಾಗಿ ಗಣಕದಲ್ಲಿ ಮರುಸೃಷ್ಟಿಸಿ 2002ರಲ್ಲಿ ಫಲಿತಗಳನ್ನು ಪ್ರಕಟಿಸಿದರು. ಜನಸಂಖ್ಯೆಯ ಏರಿಳಿತಗಳನ್ನು ಮಾದರಿ ಬಹುಮಟ್ಟಿಗೆ ಹಿಡಿಯಿತು. ಕೊನೆಯದನ್ನು ಮಾತ್ರ ಹಿಡಿಯಲಿಲ್ಲ. ಬರ ಬಂದರೂ ಕಡಿಮೆ ಸಂಖ್ಯೆಯ ಜನ ಅಲ್ಲಿಯೇ ಬದುಕಬಹುದಿತ್ತೆಂದು ಗಣಕ ಹೇಳಿತು, ನಿಜವಾದ ಜನ ಎಲ್ಲರೂ ಹೊರಟುಹೋಗಿದ್ದರು. ಅನ್ನದ ಲೆಕ್ಕದಾಚೆಗೆ ಅವರನ್ನು ಹೊರಡಿಸಿದ್ದೇನೋ ಇದೆಯೆಂದು ವಿದ್ವಾಂಸರು ಒಪ್ಪಿದರು.

ನಮ್ಮಲ್ಲಿ ಅಂಥ ಕಣಿವೆಯನ್ನು ಕಾಣಲು ಕಳಸದಿಂದ ಹೆಚ್ಚು ದೂರ ಹೋಗಬೇಕಿಲ್ಲ. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಕಾಡಿನ ನಡುವೆ ಒಂದು ಪಟ್ಟಣವನ್ನೇ ಕಟ್ಟಿತ್ತು. ಸರ್ವೋಚ್ಚ ನ್ಯಾಯಾಲಯದ 2002ರ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು, ಪಟ್ಟಣ ಬರಿದಾಗುತ್ತ ಬಂತು. ಕಾಡು ಉಳಿಯಬೇಕಾದದ್ದು ನ್ಯಾಯವೇ. ಇಲ್ಲಿ ಹೇಳಬೇಕಾದದ್ದು ಇಷ್ಟು: ಜನನ ಮರಣ ಪ್ರಮಾಣಗಳನ್ನಷ್ಟೇ ಬಲ್ಲ ಮಾದರಿ 2001ರಲ್ಲಿ ಕುಳಿತು ಈ ಜಿಲ್ಲೆಯ 2011ನ್ನು ಊಹಿಸಿದ್ದರೆ ಆ ಆದೇಶವನ್ನು ಊಹಿಸುತ್ತಿರಲಿಲ್ಲ. ಅದೇ ದಶಕದ ಆರಂಭದಲ್ಲಿ ಜಗತ್ತಿನಾದ್ಯಂತ ಕಾಫಿ ಬೆಲೆ ನೆಲಕಚ್ಚಿದ್ದನ್ನೂ ಊಹಿಸುತ್ತಿರಲಿಲ್ಲ. ಎರಡು ಮಕ್ಕಳಿಗೆ ನಿಂತ ಕುಟುಂಬ, ಬೆಂಗಳೂರಿಗೆ ಹೋದ ಯುವಕರು, ಬರಿದಾದ ಗಣಿಪಟ್ಟಣ, ಮಾರಿದ ತೋಟ ಇವುಗಳಲ್ಲಿ ಯಾವುದರ ಪಾಲೆಷ್ಟು ಎಂಬುದನ್ನು ಒಂದೊಂದನ್ನೇ ತೆಗೆದಿಟ್ಟು ಆಡಿ ನೋಡಿದರೆ ಮಾತ್ರ ತೂಗಬಹುದು. 2011ರ ಗಣತಿಯಲ್ಲಿ ಈ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1,008 ಹೆಂಗಸರಿದ್ದರು. ಹೊರಟವರು ಯಾರು, ಉಳಿದವರು ಯಾರು ಎಂಬುದಕ್ಕೆ ಅದೊಂದು ಸುಳಿವು.

ಹೊರಟವರ ಜಾಗಕ್ಕೆ ಬರುವವರು ಈಗ ಚಾರ್ಮಾಡಿ ಘಟ್ಟ ಹತ್ತಿ ಬರುವವರಷ್ಟೇ ಅಲ್ಲ. ಮೂಡಿಗೆರೆ, ಕಳಸದ ಲೈನ್‌ಮನೆಗಳಲ್ಲಿ ಅಸ್ಸಾಂ, ಜಾರ್ಖಂಡ್ ಮೊದಲಾದ ಕಡೆಗಳಿಂದ ಬಂದ ಕುಟುಂಬಗಳಿವೆ. 2021ರಲ್ಲಿ ನಡೆಯಬೇಕಿದ್ದ ಗಣತಿ ನಡೆಯಲಿಲ್ಲ. ಮುಂದಿನ ಗಣತಿಯ ಆಧಾರ ದಿನ 2027ರ ಮಾರ್ಚ್ 1 ಎಂದು ಘೋಷಿಸಲಾಗಿದೆ. 1901ರದೂ ಅದೇ ತಾರೀಖು. ರೊಬಸ್ಟಾ ಕಣದಲ್ಲಿ ಒಣಗುತ್ತಿರುವ ಆ ದಿನಗಳಲ್ಲಿ ಎಣಿಕೆದಾರರು ಲೈನಿನ ಬಾಗಿಲಿಗೆ ಬಂದು ವಾಡಿಕೆಯ ವಾಸಸ್ಥಳ ಯಾವುದೆಂದು ಕೇಳುತ್ತಾರೆ. ಕಳಸದ ಆ ಮುದುಕಿ ನನ್ನನ್ನು ಕೇಳಿದ ಮರುಪ್ರಶ್ನೆಯನ್ನು ಅಲ್ಲಿ ಯಾರಾದರೂ ಅಸ್ಸಾಮಿಯಲ್ಲಿಯೋ ಸಾದ್ರಿಯಲ್ಲಿಯೋ ಕೇಳಿದರೆ, ಅದನ್ನು ಬರೆದುಕೊಳ್ಳಲು ನಮೂನೆಯಲ್ಲಿ ಕಲಮು ಇರುವುದಿಲ್ಲ. ಅದೇ ಹೊತ್ತಿಗೆ ಆ ಲೈನುಗಳಿಗೆ ಹೋಗುವ ಕೆಲವರಾದರೂ ಜಾನಪದ ವಿದ್ಯಾರ್ಥಿಗಳು ನಮ್ಮಲ್ಲಿ ಸಿದ್ಧರಾಗಬೇಕಾಗಿದೆ. ಅವರ ನಮೂನೆಯಲ್ಲಿ ಊರಿಗೆ ಮೂರು ಕಲಮುಗಳಿರಲಿ, ಹೆತ್ತದ್ದಕ್ಕೂ ಉಳಿದದ್ದಕ್ಕೂ ಬೇರೆ ಬೇರೆ ಕಲಮುಗಳಿರಲಿ.